ಸಿಡುಬೋ, ಸೀತಾಳೆಯೋ?

ಗಂಗಾವತಿ ಸೀಮೆಯಲ್ಲಿ, ಆನೆಗೊಂದಿಗೆ ಸಮೀಪದ ಸಾಣಾಪುರದಂಥ ಊರುಗಳಲ್ಲಿ ಜ್ವರದ ಬೆನ್ನಿಗೇ ಮಗುವಿನ ಮೈಮೇಲೆ ಗುಳ್ಳೆಗಳೆದ್ದರೆ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: 'ಅಮ್ಮ ಬಂದಾಳ'. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಮಗುವನ್ನು ಬೇರೆ ಮಲಗಿಸುವುದು, ಒಗ್ಗರಣೆ ನಿಲ್ಲಿಸುವುದು ನಾಡಿನ ಹಲವೆಡೆ ಇದ್ದ ರೂಢಿ. ಆದರೆ ಬಂದವಳು ಯಾವ ಅಮ್ಮ ಎಂಬುದರ ಮೇಲೆ ಮಗುವಿನ ಪ್ರಾಣ ನಿಂತಿರುತ್ತಿತ್ತು. ಸೀತಾಳೆಯಾದರೆ ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ಮಗು ಎದ್ದು ಓಡಾಡುತ್ತಿತ್ತು. ಉಗ್ರ ಸಿಡುಬಾದರೆ, ದಾಕು ಹಾಕಿಸಿಕೊಳ್ಳದ ನೂರು ಮಂದಿಯಲ್ಲಿ ಸುಮಾರು 30 ಮಂದಿ ಉಳಿಯುತ್ತಿರಲಿಲ್ಲ. ಬದುಕಿದವರಲ್ಲೂ ಕೆಲವರು ಕಣ್ಣು ಕಳೆದುಕೊಂಡರು. ಬಹಳ ಮಂದಿಯ ಮುಖದ ಮೇಲೆ ಕುಳಿಗಳು ಉಳಿದವು.

ಇವೆರಡನ್ನೂ ಬೇರ್ಪಡಿಸುವುದಕ್ಕೆ ಗುಳ್ಳೆ ಎಷ್ಟು ಭೀಕರವಾಗಿದೆ ಎಂದು ನೋಡಿದರೆ ಸಾಲದು, ಎಲ್ಲಿ ಎದ್ದಿದೆ ಎಂದು ನೋಡಬೇಕು. ಸಿಡುಬು ಮುಖ, ಕೈಕಾಲುಗಳಲ್ಲಿ ಒತ್ತಾಗಿ ಏಳುತ್ತಿತ್ತು. ಅಂಗೈ, ಅಂಗಾಲುಗಳನ್ನೂ ಬಿಡುತ್ತಿರಲಿಲ್ಲ. ಒಂದು ಭಾಗದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತಿದ್ದವು. ಮುಟ್ಟಿದರೆ ಚರ್ಮದೊಳಗೆ ಕಾಳು ಹುದುಗಿಸಿದಂತೆ ಗಟ್ಟಿ. ಸೀತಾಳೆ ಹೆಚ್ಚಾಗಿ ಎದೆ, ಬೆನ್ನುಗಳ ಮೇಲೆ ಏಳುತ್ತದೆ. ಅದು ಕಂತುಕಂತಾಗಿ ಬರುವುದರಿಂದ ಕೆಂಪು ಬೊಕ್ಕೆ, ನೀರುಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಂದೇ ಕಡೆ ಕಾಣುತ್ತವೆ.

ಸಿಡುಬಿಗೆ ಮದ್ದಿರಲಿಲ್ಲ, ತಡೆ ಇತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಕಂಡುಕೊಂಡ ದಾಕು 1802ರಲ್ಲಿ ಮುಂಬಯಿಗೆ ಬಂತು. ಸ್ವಲ್ಪದರಲ್ಲೇ ಮೈಸೂರಿನ ಅರಮನೆಗೂ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ವರ್ಣಚಿತ್ರವೊಂದಿದೆ. ಬಲಗಡೆಯವಳು ಸೆರಗು ಸರಿಸಿ ತನ್ನ ತೋಳನ್ನು ತೋರುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ; ತೋರುತ್ತಿರುವುದು ದಾಕು ಹಾಕಿದ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಎಡಗಡೆಯವಳ ಮೂಗು, ಬಾಯಿಗಳ ಸುತ್ತಲಿನ ಬಿಳಿಚಿದ ಬಣ್ಣ ಹಳೆಯ ಪದ್ಧತಿಯ ಗುರುತಿರಬಹುದು ಎಂಬುದೂ ಅವರ ಊಹೆ. ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಏರಿಸುತ್ತಿದ್ದ ಪದ್ಧತಿ ಅದು.

ಮುಂದೆ ಒಂದೂವರೆ ಶತಮಾನ ದಾಕು ಹಾಕಿದರೂ ಭಾರತದಲ್ಲಿ ಸಿಡುಬು ಹೋಗಲಿಲ್ಲ. ಎಲ್ಲರಿಗೂ ದಾಕು ಹಾಕುವುದರ ಜೊತೆಗೆ, ರೋಗಿಯನ್ನು ಹುಡುಕಿ ಅವನ ಸುತ್ತಲಿನವರಿಗೆ ಮೊದಲು ಹಾಕಬೇಕೆಂಬ ತಿಳಿವಳಿಕೆ ಬಂದ ಮೇಲೆ ಫಲ ಕಂಡಿತು. ಹುಡುಕುವವರು ಯಾರು? 1973ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ, ಶಾಲೆಗೆ, ಸಂತೆಗೆ ಒಂದು ಚೀಟಿ ಹಿಡಿದು ಹೋದರು. ಅದರ ಮೇಲೆ ಸಿಡುಬೆದ್ದ ಮಗುವಿನ ಚಿತ್ರ. 'ಇಂಥದ್ದನ್ನು ಎಲ್ಲಾದರೂ ನೋಡಿದ್ದೀರಾ?' ಎಂಬುದೊಂದೇ ಪ್ರಶ್ನೆ. ಅಕ್ಷರ ಬಾರದವರೂ ಚಿತ್ರ ನೋಡಿ ಹೇಳಬಲ್ಲವರಾಗಿದ್ದರು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. 1975ರಲ್ಲಿ ಅದು 1000 ರೂಪಾಯಿಗೆ ಏರಿತು. ಆ ಹೊತ್ತಿಗೆ ಬಂದ ಸುಳಿವುಗಳಲ್ಲಿ ಹೆಚ್ಚಿನವು ಸೀತಾಳೆಯೋ ದಡಾರವೋ ಆಗಿರುತ್ತಿದ್ದವು. ಆದರೂ ಸುಳಿವು ಬಂದ ಕಡೆಗೆ ಹೋಗಿ ನೋಡಿಯೇ ಅನುಮಾನ ಕಳೆದುಕೊಳ್ಳುತ್ತಿದ್ದರು.

1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. ಜಗತ್ತಿನಿಂದಲೇ ಅದು ಹೋಯಿತೆಂದು 1980ರ ಮೇ 8ರಂದು ಸಾರಲಾಯಿತು. ಅದಕ್ಕೆ ತುಸು ಹೋಲುವ ಎಂಪಾಕ್ಸ್ ಈಗ ಇರುವುದರಿಂದ, ಜ್ವರದೊಂದಿಗೆ ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಬೇಕಾದ್ದು ಇಂದಿಗೂ ತಪ್ಪಿಲ್ಲ.

ಮನೆಯ ಅಜ್ಜಿಯ ತೋಳು ನೋಡಿದರೆ ಅಗಲವಾದ, ತಗ್ಗಾದ ಕಲೆಯೊಂದು ಕಂಡೀತು. ಅದು ಸಿಡುಬಿನ ದಾಕು. ಮೊಮ್ಮಗನ ಎಡತೋಳಿನ ಸಣ್ಣ ಕಲೆ ಕ್ಷಯದ ವಿರುದ್ಧ ಹಾಕಿದ ಬಿಸಿಜಿಯದು. ಅಜ್ಜಿಗಿದ್ದ ಕಲೆ ಅವನಿಗೆ ಬೇಕಾಗಲಿಲ್ಲ.