ಬಲಿಯ ಕುರಿಮರಿ, ಗಾಯದ ದೇಹ

ಸಂಕಟವೇ ಬಲಿಯಲ್ಲ. ದೈವಶಾಸ್ತ್ರದ ತರಗತಿಯಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ರೋಗಿಗಳ ಅಭ್ಯಂಗಕ್ಕೆ ಹೋದ ಯಾಜಕರ ಬಾಯಲ್ಲಿ ‘ಇದು ದೇವರು ಕೊಟ್ಟ ಶಿಲುಬೆ, ಸಹಿಸಿಕೊಳ್ಳಿ’ ಎಂಬ ಮಾತು ಎಷ್ಟು ಸಲೀಸಾಗಿ ಬಂದುಬಿಡುತ್ತದೆ! ಬಲಿ ಮತ್ತು ಯಾತನೆಗಳನ್ನು ಹೀಗೆ ಬೆರೆಸಿಬಿಡುವವರು ಧರ್ಮಸಭೆಯ ಕಲಾಚರಿತ್ರೆಯನ್ನು ಒಮ್ಮೆ ನೋಡುವುದು ಒಳಿತು. ಅಲ್ಲಿ ಬಲಿಗೆ ಕುರಿಮರಿ ಸಂಕೇತವಾಗಿತ್ತು. ನೋವುಂಡ ದೇಹ ಕಾಣಿಸಿಕೊಂಡದ್ದು ಬಹಳ ತಡವಾಗಿ.

ರೋಮ್ ನಗರದ ನೆಲಮಾಳಿಗೆಯ ಸಮಾಧಿಗಳಲ್ಲಿ ಒಳ್ಳೆಯ ಕುರಿಗಾಹಿ, ಯೋನ, ಲಂಗರು, ಮೀನು ಇವೆ, ಶಿಲುಬೆಗೇರಿದ ಕ್ರಿಸ್ತರಿಲ್ಲ. ಶಿಲುಬೆ ಆಗಿನ್ನೂ ಗುಲಾಮರನ್ನು ಕೊಲ್ಲುವ ಸಾಧನವಾಗಿತ್ತು. ಸುಮಾರು 430ರಲ್ಲಿ ರೋಮಿನ ಸಾಂತಾ ಸಬೀನಾ ದೇವಾಲಯದ ಮರದ ಬಾಗಿಲ ಮೇಲೆ ಅವರನ್ನು ಕೆತ್ತಿದಾಗಲೂ ಕಣ್ಣುಗಳು ತೆರೆದೇ ಇವೆ, ಮುಖದಲ್ಲಿ ನೋವಿಲ್ಲ. ಬಲಿಯ ಅರ್ಥವನ್ನು ಹೊತ್ತದ್ದು ಕುರಿಮರಿ. ರವೆನ್ನಾದ ಸಾನ್ ವಿತಾಲೆಯಲ್ಲಿ ಆಬೇಲ, ಮೆಲ್ಕಿಸದೇಕ ಮತ್ತು ಅಬ್ರಹಾಮರ ಅರ್ಪಣೆಗಳ ಚಿತ್ರಗಳ ನಡುವೆ, ಮೇಲ್ಛಾವಣಿಯ ನಡುಮಧ್ಯದಲ್ಲಿ, ಅದು ಪ್ರಶಾಂತವಾಗಿ ನಿಂತಿದೆ.

692ರಲ್ಲಿ ಕಾನ್‌ಸ್ಟಾಂಟಿನೋಪಲಿನ ತ್ರುಲ್ಲೋ ಸಭೆ ತನ್ನ 82ನೆಯ ನಿಯಮದಲ್ಲಿ, ಇನ್ನು ಮುಂದೆ ಕ್ರಿಸ್ತರನ್ನು ಕುರಿಮರಿಯಾಗಿ ಅಲ್ಲ, ಮನುಷ್ಯರೂಪದಲ್ಲೇ ಚಿತ್ರಿಸಬೇಕೆಂದು ವಿಧಿಸಿತು. ದೇಹಧಾರಣೆಯನ್ನೂ ಪಾಡುಗಳನ್ನೂ ನೆರಳಿನಲ್ಲಿ ಅಲ್ಲ, ನಿಜದಲ್ಲಿ ಸ್ಮರಿಸಬೇಕೆಂಬುದು ಅದರ ಕಾಳಜಿ. ಪೋಪ್ ಸೆರ್ಜಿಯುಸರು ಈ ನಿಯಮಗಳಿಗೆ ಸಹಿ ಹಾಕಲಿಲ್ಲ. ರೊಟ್ಟಿಯನ್ನು ಮುರಿಯುವಾಗ ‘ದೇವರ ಕುರಿಮರಿ’ ಹಾಡುವ ಪದ್ಧತಿಯನ್ನು ಬಲಿಪೂಜೆಗೆ ಸೇರಿಸಿದವರೂ ಅವರೇ ಎಂದು ಪೋಪರ ಚರಿತ್ರೆಯ ಪ್ರಾಚೀನ ಗ್ರಂಥ ಹೇಳುತ್ತದೆ. ಇದು ಆ ಸಭೆಗೆ ಕೊಟ್ಟ ಉತ್ತರವೆಂದು ಅನೇಕ ಚರಿತ್ರಕಾರರು ಊಹಿಸುತ್ತಾರೆ, ಊಹೆ ಸೊಗಸಾಗಿದೆ. ನನ್ನ ಮಟ್ಟಿಗೆ ಎರಡೂ ಪಕ್ಷಗಳು ಸರಿ. ದೇಹವಿಲ್ಲದ ಕುರಿಮರಿ ಬರಿಯ ರೂಪಕವಾದೀತು. ಕುರಿಮರಿಯಿಲ್ಲದ ದೇಹ ಬರಿಯ ಹಿಂಸೆಯಾದೀತು.

ಹತ್ತನೆಯ ಶತಮಾನದ ಕೊನೆಗೆ ಕಲೋನಿನ ಗೇರೋ ಶಿಲುಬೆಯಲ್ಲಿ ಕ್ರಿಸ್ತರ ತಲೆ ಬಾಗಿತು, ಕಣ್ಣು ಮುಚ್ಚಿತು. ಅಸ್ಸೀಸಿಯ ಫ್ರಾನ್ಸಿಸರ ಭಕ್ತಿಪರಂಪರೆ ಆ ಗಾಯಗಳನ್ನು ಜನರ ಹತ್ತಿರಕ್ಕೆ ತಂದಿತು. ಎರಡೂ ಸಂಕೇತಗಳು ಅತ್ಯಂತ ತೀವ್ರವಾಗಿ ಕೂಡಿದ್ದು ಒಂದು ಆಸ್ಪತ್ರೆಯ ಪೀಠಚಿತ್ರದಲ್ಲಿ.

ಅಲ್ಸಾಸ್ ಪ್ರಾಂತದ ಈಸೆನ್‌ಹೈಮಿನಲ್ಲಿ ಸಂತ ಅಂತೋಣಿಯ ಹೆಸರಿನ ಮಠವಿತ್ತು. (ನಮ್ಮಲ್ಲಿ ಮಂಗಳವಾರದ ನೊವೇನಾ ನಡೆಯುವ ಪಾದುವದ ಅಂತೋಣಿಯಲ್ಲ, ಈಜಿಪ್ಟಿನ ಮರುಭೂಮಿಯ ತಪಸ್ವಿ.) ರೈ ಧಾನ್ಯದ ತೆನೆಗೆ ಹಿಡಿಯುವ ಶಿಲೀಂಧ್ರದ ವಿಷದಿಂದ ಕೈಕಾಲು ಉರಿದು, ಕಪ್ಪಾಗಿ, ಕೊಳೆತು ಬೀಳುವ ‘ಸಂತ ಅಂತೋಣಿಯ ಬೆಂಕಿ’ ಎಂಬ ರೋಗಕ್ಕೆ ತುತ್ತಾದ ಬಡವರನ್ನು ಅಲ್ಲಿ ಶುಶ್ರೂಷೆ ಮಾಡುತ್ತಿದ್ದರು. ರೋಗದ ಮೂಲ ಆಗ ತಿಳಿದಿರಲಿಲ್ಲ. 1512–1516ರ ನಡುವೆ ಮತ್ಥಿಯಾಸ್ ಗ್ರೂನೆವಾಲ್ಡ್ ಆ ಮಠಕ್ಕಾಗಿ ಬರೆದ ಕ್ರಿಸ್ತರ ಚರ್ಮ ಹಸಿರುಗಟ್ಟಿದೆ, ಮೈತುಂಬ ಮುಳ್ಳು ನಾಟಿದ ಹುಣ್ಣುಗಳು, ಬೆರಳುಗಳು ಸೆಟೆದಿವೆ. ರೋಗಿಗಳು ಅಲ್ಲಿ ತಮ್ಮದೇ ದೇಹವನ್ನು ಕಂಡಿರಬೇಕು.

ಶಿಲುಬೆಯ ಬಲಬದಿಗೆ ಸ್ನಾನಿಕ ಯೊವಾನ್ನರು ನಿಂತು ನೀಳವಾದ ಬೆರಳಿನಿಂದ ಕ್ರಿಸ್ತರನ್ನು ತೋರಿಸುತ್ತಾರೆ. ಶುಭಸಂದೇಶಗಳ ಪ್ರಕಾರ ಅವರ ಶಿರಚ್ಛೇದನ ಅಷ್ಟರಲ್ಲಿ ಆಗಿಹೋಗಿತ್ತು. ಇಲ್ಲಿ ಅವರು ಚರಿತ್ರೆಯ ಸಾಕ್ಷಿಯಾಗಿ ಅಲ್ಲ, ಅರ್ಥ ಹೇಳುವವರಾಗಿ ಬಂದಿದ್ದಾರೆ. ಅವರ ಕಾಲ ಬಳಿ ಪುಟ್ಟ ಕುರಿಮರಿ ಶಿಲುಬೆಯನ್ನು ಹೊತ್ತು ನಿಂತಿದೆ. ಅದರ ಎದೆಯ ರಕ್ತ ಪಾನಪಾತ್ರೆಗೆ ಇಳಿಯುತ್ತಿದೆ. ಕುರಿಮರಿಯ ಮೈಮೇಲೆ ಹುಣ್ಣುಗಳಿಲ್ಲ. ರೋಗ ದೇಹದ್ದು, ಅರ್ಪಣೆ ಕುರಿಮರಿಯದು; ರಕ್ಷಿಸುವುದು ನೋವಿನ ಪ್ರಮಾಣವಲ್ಲ, ತನ್ನನ್ನು ಕೊಟ್ಟ ಪ್ರೀತಿ. ಹಿಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯ ಕ್ರಿಸ್ತರ ವಿಧೇಯ ಚಿತ್ತದ ಬಗ್ಗೆ ಹೇಳುವುದೂ ಇದನ್ನೇ.

ಆ ಸನ್ಯಾಸಿಗಳು ರೋಗಿಗಳಿಗೆ ಬರಿಯ ಚಿತ್ರ ತೋರಿಸಿ ಸಹಿಸಿಕೊಳ್ಳಿರೆಂದು ಬಿಡಲಿಲ್ಲ. ಒಳ್ಳೆಯ ರೊಟ್ಟಿ, ಗಿಡಮೂಲಿಕೆ ಬೆರೆಸಿದ ದ್ರಾಕ್ಷಾರಸ, ಹಂದಿಯ ಕೊಬ್ಬಿನ ಮುಲಾಮು ಕೊಟ್ಟರು. ಕೊಳೆತ ಅಂಗವನ್ನು ಕತ್ತರಿಸಿ ಜೀವ ಉಳಿಸಿದರು. ಪೋಪ್ ಎರಡನೆಯ ಜಾನ್ ಪೌಲರು 1984ರಲ್ಲಿ ಯಾತನೆಯ ಕುರಿತು ಬರೆದ ಪ್ರೇಷಿತ ಪತ್ರದ ಕೊನೆಯ ಭಾಗ ಒಳ್ಳೆಯ ಸಮಾರಿಯದವನ ಬಳಿಗೆ ಬರುವುದನ್ನು ಇದರ ಜೊತೆಗಿಟ್ಟು ಓದಬಹುದು.

ಹಬ್ಬದ ದಿನಗಳಲ್ಲಿ ಆ ಚಿತ್ರದ ಬಾಗಿಲುಗಳನ್ನು ತೆರೆಯುತ್ತಿದ್ದರು. ಒಳಗೆ ಪುನರುತ್ಥಾನಗೊಂಡ ಕ್ರಿಸ್ತರಿದ್ದಾರೆ. ಹುಣ್ಣುಗಳೆಲ್ಲ ಮಾಯವಾಗಿವೆ, ಶಿಲುಬೆಯ ಗಾಯಗಳು ಮಾತ್ರ ಉಳಿದು ಬೆಳಗುತ್ತಿವೆ.