ಉತ್ತೇಜಕ ಮಾತ್ರೆ ಸೇವಿಸುವವರಿಗೆ ಅರಿವಳಿಕೆ: ಎಚ್ಚರ ಏಕೆ?

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ತಪ್ಪದೆ ಕೇಳುವ ಪ್ರಶ್ನೆ, 'ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?' ಎಂಬುದು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಹೆಸರನ್ನು ನಮ್ಮವರು ತಡವರಿಸದೆ ಹೇಳುತ್ತಾರೆ. ಮನೋವೈದ್ಯರು ಬರೆದುಕೊಟ್ಟ ಮಾತ್ರೆಯಾದರೆ ಮಾತ್ರ ಮೌನ. ತಂದೆತಾಯಿಗೆ ಮಗುವಿಗೆ ಹಣೆಪಟ್ಟಿ ಅಂಟೀತೆಂಬ ಭಯ, ವಯಸ್ಕರಿಗೆ ಉದ್ಯೋಗ, ವಿವಾಹದ ಚಿಂತೆ. ಉತ್ತೇಜಕ ಔಷಧಗಳ ಮಟ್ಟಿಗೆ ಈ ಮೌನ ಅಪಾಯಕಾರಿ.

ಏಕಾಗ್ರತೆಯ ಕೊರತೆ ಹಾಗೂ ಅತಿ ಚಟುವಟಿಕೆಯ ತೊಂದರೆಗೆ (ಎಡಿಎಚ್‌ಡಿ) ಭಾರತದಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವ ಉತ್ತೇಜಕ ಮಿಥೈಲ್‌ಫೆನಿಡೇಟ್. ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುವ ನಾರ್ಕೊಲೆಪ್ಸಿಗೂ ಇದನ್ನು ಕೊಡುವುದುಂಟು. ಅಮೆರಿಕದಲ್ಲಿ ಆಂಫೆಟಮೈನ್ ವರ್ಗದ ಮಾತ್ರೆಗಳ ಬಳಕೆಯೂ ವ್ಯಾಪಕ. ಅಲ್ಲಿ ನೆಲೆಸಿ, ರಜೆಗೆಂದು ಊರಿಗೆ ಬಂದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಕನ್ನಡಿಗರು ಇದನ್ನು ನೆನಪಿಡಬೇಕು.

ಈ ಔಷಧಗಳು ನರತಂತುಗಳ ಸಂಧಿಯಲ್ಲಿ ನಾರ್‌ಅಡ್ರಿನಲಿನ್ ಮತ್ತು ಡೋಪಮೈನ್ ಎಂಬ ರಾಸಾಯನಿಕಗಳ ಪ್ರಮಾಣವನ್ನು ಏರಿಸುತ್ತವೆ. ಏಕಾಗ್ರತೆ ಹೆಚ್ಚುವುದು ಇದರಿಂದಲೇ. ನಾಡಿಬಡಿತ ಹಾಗೂ ರಕ್ತದೊತ್ತಡ ಏರುವುದೂ ಇದರಿಂದಲೇ. ಅರಿವಳಿಕೆಯ ಮೇಲಿನ ಪರಿಣಾಮ ಮಾತ್ರ ಇಷ್ಟು ಸರಳವಲ್ಲ. 1972ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಆಂಫೆಟಮೈನ್‌ನ್ನು ಆಗಷ್ಟೇ ಕೊಟ್ಟಾಗ ಪ್ರಜ್ಞೆ ತಪ್ಪಿಸಲು ಹೆಚ್ಚು ಅರಿವಳಿಕೆ ಬೇಕಾಯಿತು. ಹಲವು ದಿನ ಕೊಟ್ಟಾಗ ಕಡಿಮೆ ಸಾಕಾಯಿತು. ದೀರ್ಘ ಬಳಕೆಯಿಂದ ನರಗಳಲ್ಲಿನ ನಾರ್‌ಅಡ್ರಿನಲಿನ್ ದಾಸ್ತಾನು ಬರಿದಾಗುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ನಿಜವಾದ ತೊಡಕು ಎದುರಾಗುವುದು ಇಲ್ಲಿಯೇ. ಅರಿವಳಿಕೆ ಕೊಟ್ಟೊಡನೆ, ವಿಶೇಷವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟಾಗ, ರಕ್ತದೊತ್ತಡ ಇಳಿಯುವುದು ಸಾಮಾನ್ಯ. ಅದನ್ನು ಎತ್ತಲು ನಮ್ಮ ಆಸ್ಪತ್ರೆಗಳಲ್ಲಿ ಮೆಫೆಂಟರ್ಮಿನ್ ಅಥವಾ ಎಫೆಡ್ರಿನ್ ಕೊಡುವ ರೂಢಿಯಿದೆ. ಇವು ಹೆಚ್ಚಾಗಿ ನರಗಳ ದಾಸ್ತಾನಿನಿಂದ ನಾರ್‌ಅಡ್ರಿನಲಿನ್‌ನ್ನು ಹೊರತೆಗೆದು ಕೆಲಸ ಮಾಡುತ್ತವೆ. ದಾಸ್ತಾನೇ ಇಲ್ಲದಿದ್ದರೆ ಹೊರತೆಗೆಯುವುದೇನನ್ನು? ಸೂಜಿಯ ಮೇಲೆ ಸೂಜಿ ಕೊಟ್ಟರೂ ಒತ್ತಡ ಏರದಿರಬಹುದು. ಆಗ ರಕ್ತನಾಳಗಳ ಮೇಲೆ ನೇರವಾಗಿ ವರ್ತಿಸುವ ಫಿನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್ ಬೇಕು. ರೋಗಿಯ ಮಾತ್ರೆಯ ವಿಷಯ ಮೊದಲೇ ತಿಳಿದಿದ್ದರೆ ತಜ್ಞರು ಅದನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ. ತಿಳಿಯದಿದ್ದರೆ ಅಮೂಲ್ಯ ನಿಮಿಷಗಳು ವ್ಯರ್ಥ.

ಇದಕ್ಕೆ ವ್ಯತಿರಿಕ್ತವಾಗಿ, ಮಾತ್ರೆಯ ಪ್ರಭಾವ ಆಗಷ್ಟೇ ಆರಂಭವಾಗಿದ್ದರೆ ರಕ್ತದೊತ್ತಡ ಹಠಾತ್ತನೆ ಏರಬಹುದು, ಹೃದಯದ ಲಯ ತಪ್ಪಬಹುದು. ಸ್ವತಃ ರಕ್ತದೊತ್ತಡ ಏರಿಸುವ ಕೆಟಮಿನ್ ಬಳಕೆಯಲ್ಲೂ ಎಚ್ಚರ ಬೇಕು. ಹಳೆಯ ಹ್ಯಾಲೊಥೇನ್ ಈ ವಿಷಯದಲ್ಲಿ ಕುಖ್ಯಾತ. ಸೆವೊಫ್ಲುರೇನ್‌ನಂತಹವು ಬಂದ ಮೇಲೆ ಲಯ ತಪ್ಪುವ ಅಪಾಯ ಸಾಕಷ್ಟು ತಗ್ಗಿದೆ. ಆಂಫೆಟಮೈನ್ ಸೇವಿಸುವವರಿಗೆ ನೋವು ನಿವಾರಣೆಗೆ ಟ್ರಮಡಾಲ್, ಪೆಥಿಡಿನ್ ಕೊಡುವಾಗಲೂ ಯೋಚಿಸಬೇಕಾಗುತ್ತದೆ.

ಹಾಗಾದರೆ ಶಸ್ತ್ರಚಿಕಿತ್ಸೆಯ ದಿನ ಮಾತ್ರೆ ನುಂಗಬೇಕೇ, ಬಿಡಬೇಕೇ? ಆವಿರೂಪದ ಹ್ಯಾಲೊಜನ್ ಅರಿವಳಿಕೆ ಬಳಸುವುದಾದರೆ ಆ ದಿನ ಮಿಥೈಲ್‌ಫೆನಿಡೇಟ್ ಬೇಡವೆಂದು ಅಮೆರಿಕದ ಅಧಿಕೃತ ಔಷಧ ವಿವರಣೆ ಹೇಳುತ್ತದೆ. ಸಾಧಾರಣ ಮಾತ್ರೆಯ ಪ್ರಭಾವ ಕೆಲವೇ ಗಂಟೆಗಳದ್ದು, ದೀರ್ಘಾವಧಿಯದು ಸುಮಾರು 8ರಿಂದ 12 ಗಂಟೆಗಳದ್ದು. ಆದ್ದರಿಂದ ಆ ಬೆಳಗಿನ ಮಾತ್ರೆ ಬಿಡಿಸುವುದು ಕಷ್ಟವೇನಲ್ಲ. ಆದರೆ ತಜ್ಞರೆಲ್ಲರಲ್ಲೂ ಒಮ್ಮತವಿಲ್ಲ. ವೈದ್ಯರ ಸಲಹೆಯಂತೆ ಹಿತಮಿತವಾಗಿ ಆಂಫೆಟಮೈನ್ ಸೇವಿಸುತ್ತಿದ್ದವರು ಅದನ್ನು ನಿಲ್ಲಿಸದೆಯೂ ಸುರಕ್ಷಿತವಾಗಿ ಅರಿವಳಿಕೆ ಪಡೆದ ವರದಿ 2000ದಲ್ಲಿ ಪ್ರಕಟವಾಗಿದೆ. ಮಾತ್ರೆಯಿಲ್ಲದ ಮಗು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಹೆಚ್ಚು ರಂಪ ಮಾಡಬಹುದು; ನಾರ್ಕೊಲೆಪ್ಸಿ ಇರುವವರಿಗೆ ಆನಂತರದ ತೂಕಡಿಕೆ ಹೆಚ್ಚಬಹುದು. ಹಾಗಾಗಿ ನಿರ್ಧಾರ ಅರಿವಳಿಕೆ ತಜ್ಞರದೇ ಆಗಿರಲಿ. ಮನೆಯಲ್ಲೇ ಮಾತ್ರೆ ನಿಲ್ಲಿಸಿ ಆ ವಿಷಯವನ್ನು ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ತಪಾಸಣೆಗೆ ಹೋಗುವಾಗ ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಳ್ಳಿ. ಎಷ್ಟು ಮಿಲಿಗ್ರಾಂ, ಎಷ್ಟು ಕಾಲದಿಂದ, ಕೊನೆಯದಾಗಿ ನುಂಗಿದ್ದು ಯಾವಾಗ ಎಂಬುದನ್ನು ತಿಳಿಸಿ. ಪರೀಕ್ಷೆಗಾಗಿ ನಿದ್ದೆಗೆಡಲು ಗೆಳೆಯರಿಂದ ಪಡೆದ ಮಾತ್ರೆ, ತೂಕ ಇಳಿಸುವ ಮಾತ್ರೆ, ನೆಗಡಿಗೆ ನುಂಗಿದ ಸ್ಯೂಡೊಎಫೆಡ್ರಿನ್ ಕೂಡ ಈ ಲೆಕ್ಕಕ್ಕೆ ಸೇರುತ್ತವೆ. ಮನೆಯವರ ಮುಂದೆ ಹೇಳಲು ಸಂಕೋಚವಾದರೆ ವೈದ್ಯರೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಕೇಳಿಕೊಳ್ಳಬಹುದು.