ದೊಡ್ಡವ್ವನ ಫಿಲ್ಮಿನೊಳಗಿನ 1971

ಬ್ಯಾಡಗಿಯ ಮನೆಯಲ್ಲಿ ಎರಡು ದಿನ ಹುಡುಕಿದ ಮೇಲೆ ಆ ಫಿಲ್ಮು ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಗಳ ಕೆಳಗೆ. ದೊಡ್ಡವ್ವನ ಬಲ ಮೂತ್ರಪಿಂಡದ ಗಡ್ಡೆಯನ್ನು ಮೊದಲ ಸಲ ತೋರಿಸಿದ ಸಿಟಿ ಸ್ಕ್ಯಾನ್ ಅದು. ಆಪರೇಷನ್ ಆಗಿ ಒಂದು ವರ್ಷ ಕಳೆದಿತ್ತು. ಹೊಸ ಸ್ಕ್ಯಾನ್ ನೋಡಿದ ಡಾಕ್ಟರು, "ಹಳೇದು ತೊಗೊಂಡ್ ಬರ್ರಿ. ಎರಡೂ ಬಾಜೂಕ ಇಟ್ಟು ನೋಡಿದ್ರ ಖಾತ್ರಿಯಾಗಿ ಹೇಳಬಹುದು" ಎಂದಿದ್ದರು.

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಸಾಲು ಚಿತ್ರಗಳು. ಮೇಲಿನ ಸಾಲಿನಲ್ಲಿ ಮೂತ್ರಪಿಂಡವೂ ಅದರ ಅಂಚಿನ ಗಡ್ಡೆಯೂ ಒಂದೇ ಬೂದು ಬಣ್ಣ; ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳುವುದೇ ಕಷ್ಟ. ಕೆಳಗಿನ ಸಾಲು, ನಮ್ಮ ಕಡೆ ‘ಬಣ್ಣದ ಸೂಜಿ’ ಎನ್ನುವ ಇಂಜೆಕ್ಷನ್ ಕೊಟ್ಟ ನಂತರದ್ದು. ಅಲ್ಲಿ ಮೂತ್ರಪಿಂಡ ಬೆಳ್ಳಗೆ ಹೊಳೆಯುತ್ತಿದೆ, ಗಡ್ಡೆ ಬೇರೆಯಾಗಿ ನಿಂತಿದೆ. ರಿಪೋರ್ಟಿನಲ್ಲಿ ಗಡ್ಡೆಯ ಮುಂದೆ ಎರಡು ಅಂಕಿ: ಮೊದಲು 38, ನಂತರ 94.

ದೊಡ್ಡವ್ವ ಪಕ್ಕದಲ್ಲೇ ಕೂತಿದ್ದಳು. ಬ್ಯಾಡಗಿಯ ಅಂಗಡಿಗಳಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಬೆರಳ ತುದಿಯ ಕೆಂಪು ಇನ್ನೂ ಪೂರ್ತಿ ಹೋಗಿಲ್ಲ.

"ತಮ್ಮಾ, ಆ ಬಣ್ಣ ಔಷಧ ಏನು?"

"ಅಲ್ಲ ದೊಡ್ಡವ್ವಾ. ಅದರಿಂದ ಬ್ಯಾನಿ ಕಡಿಮಿ ಆಗೂದಿಲ್ಲ."

"ಹಂಗಾರ ಯಾಕ ಹಾಕ್ತಾರ?"

ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಅರ್ಧ ಉತ್ತರವಷ್ಟೇ ಗೊತ್ತಿತ್ತು. ಉಳಿದರ್ಧಕ್ಕಾಗಿ ಹಳೆಯ ಪ್ರಬಂಧಗಳ ಬೆನ್ನು ಹತ್ತಿದೆ. ಹಿಂದೆ ಹಿಂದೆ ಹೋದಂತೆ ದಾರಿಗಳೆಲ್ಲ ಒಂದೇ ವರ್ಷಕ್ಕೆ ಬಂದು ಸೇರಿದವು.

ಮೊದಲು ಹಿಡಿದದ್ದು ಆ ಎರಡು ಅಂಕಿಗಳನ್ನು. ಅವು ಹೌನ್ಸ್‌ಫೀಲ್ಡ್ ಮಾನದ ಅಂಕಿಗಳು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಎಕ್ಸ್-ರೇ ಕಿರಣವನ್ನು ಒಂದು ವಸ್ತು ಎಷ್ಟು ತಡೆಯುತ್ತದೆ ಎಂಬುದರ ಲೆಕ್ಕ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್. ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ. ಮಿದುಳಿನ ಮುಂಭಾಗದಲ್ಲಿ ಗಡ್ಡೆ ಇರಬಹುದೆಂಬ ಶಂಕೆಯಿದ್ದ 41 ವರ್ಷದ ಮಹಿಳೆ ಆಕೆ. ತಲೆಬುರುಡೆ ತೆರೆಯದೆ ಒಳಗಿನ ಗಡ್ಡೆಯನ್ನು ಕಣ್ಣಿಗೆ ತೋರಿಸಿದ ಮೊದಲ ಸಿಟಿ ಚಿತ್ರ ಅದು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ಎರಡನೆಯ ದಾರಿ ‘ಬಣ್ಣ’ದ್ದು, ಡಾಕ್ಟರರ ಮಾತಿನಲ್ಲಿ ‘ಕಾಂಟ್ರಾಸ್ಟ್’. ನಿಜವಾಗಿ ಅದರಲ್ಲಿ ಬಣ್ಣವೇ ಇಲ್ಲ. ನೀರಿನಷ್ಟೇ ತಿಳಿಯಾದ ದ್ರವ. ಕೆಲಸ ಮಾಡುವುದು ಒಳಗಿನ ಅಯೋಡಿನ್. ಅದರ ಪರಮಾಣು ಭಾರದ್ದು, ಎಕ್ಸ್-ರೇಯನ್ನು ಚೆನ್ನಾಗಿ ತಡೆಯುತ್ತದೆ. 1923ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡ್ ಕೊಡುತ್ತಿದ್ದಾಗ ಅವರ ಮೂತ್ರಕೋಶ ಎಕ್ಸ್-ರೇಯಲ್ಲಿ ಎದ್ದು ಕಾಣುವುದನ್ನು ಗಮನಿಸಿದರು. ಚಿಕಿತ್ಸೆಗೆಂದು ಕೊಟ್ಟದ್ದು ದಾರಿ ತೋರುವ ದೀಪವೂ ಆಯಿತು. 1929ರಲ್ಲಿ ಮೋಸಸ್ ಸ್ವಿಕ್ ಎಂಬ ತರುಣ ವೈದ್ಯ ಜರ್ಮನಿಯಲ್ಲಿ ಕೆಲಸ ಮಾಡುತ್ತಾ, ರಕ್ತನಾಳಕ್ಕೆ ಕೊಟ್ಟರೆ ಮೂತ್ರಪಿಂಡವನ್ನು ತೋರಿಸಬಲ್ಲ ಅಯೋಡಿನ್ ಸಂಯುಕ್ತವನ್ನು ಬಳಕೆಗೆ ತಂದರು.

ಈ ದಾರಿಯಲ್ಲಿ ನಿಂತು ನೋಡಲೇಬೇಕಾದ ಒಂದು ಸಮಾಧಿಯೂ ಇದೆ. 1930ರ ಸುಮಾರಿಗೆ ಥೊರೊಟ್ರಾಸ್ಟ್ ಎಂಬ ದ್ರವ ಬಂತು, ಥೋರಿಯಂ ಡೈಆಕ್ಸೈಡಿನದ್ದು. ಚಿತ್ರ ಅತಿ ಸ್ಪಷ್ಟ, ಚುಚ್ಚಿದಾಗ ನೋವೂ ಇಲ್ಲ. ಆದರೆ ಥೋರಿಯಂ ವಿಕಿರಣಶೀಲ, ಒಳಹೋದದ್ದು ಹೊರಬರುವುದಿಲ್ಲ. ಯಕೃತ್ತು, ಗುಲ್ಮಗಳಲ್ಲಿ ಕೂತು ದಶಕಗಳ ನಂತರ ಯಕೃತ್ತಿನ ಕ್ಯಾನ್ಸರ್ ತಂದಿತು. ರೋಗ ಹುಡುಕಲು ಹಾಕಿದ್ದೇ ರೋಗವಾಯಿತು. ಆಮೇಲೆ ಬಂದ ಪ್ರತಿ ಕಾಂಟ್ರಾಸ್ಟ್ ದ್ರವಕ್ಕೂ ‘ಚಿತ್ರ ಎಷ್ಟು ಚೆಂದ’ ಎಂಬ ಪ್ರಶ್ನೆಯ ಜೊತೆಗೆ ‘ದೇಹದಿಂದ ಪೂರ್ತಿ ಹೊರಹೋಗುತ್ತದೆಯೇ’ ಎಂದು ಕೇಳಬೇಕಾಯಿತು.

ಅಯೋಡಿನ್ ದ್ರವಗಳಿಗೂ ಒಂದು ಕಾಟವಿತ್ತು: ಚುಚ್ಚಿದಾಗ ಉರಿ, ನೋವು. ಮಾವಿನ ಹೋಳಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದಲ್ಲ, ಹಾಗೆಯೇ ಆ ಸಾಂದ್ರ ದ್ರವ ರಕ್ತಕಣಗಳಿಂದ ನೀರು ಎಳೆಯುತ್ತಿತ್ತು. ಸ್ವೀಡನ್ನಿನ ಟಾರ್ಸ್ಟನ್ ಆಲ್ಮೆನ್ 1969ರ ಪ್ರಬಂಧದಲ್ಲಿ ಪರಿಹಾರ ಸೂಚಿಸಿದರು: ನೀರಿನಲ್ಲಿ ಅಯಾನುಗಳಾಗಿ ಒಡೆಯದ ಅಣುವನ್ನು ಕಟ್ಟಿದರೆ ಅಯೋಡಿನ್ ಅಷ್ಟೇ ಇದ್ದು ಕಣಗಳ ಸಂಖ್ಯೆ ತಗ್ಗುತ್ತದೆ, ಉರಿಯೂ ತಗ್ಗುತ್ತದೆ. ಇಂದು ನಮ್ಮ ಜಿಲ್ಲೆಯ ಸ್ಕ್ಯಾನ್ ಕೋಣೆಗಳಲ್ಲಿ ಚುಚ್ಚುವ ಅಯೊಹೆಕ್ಸಾಲ್ ಆ ವಂಶದ್ದೇ. ಮೈಯೆಲ್ಲ ಬೆಚ್ಚಗಾದ ಹಾಗೆ ಆಯಿತೆಂದು ದೊಡ್ಡವ್ವ ಹೇಳಿದಳು, ಉರಿಯಿತು ಎನ್ನಲಿಲ್ಲ.

ಬಣ್ಣ ಗಡ್ಡೆಯಲ್ಲಿ ಯಾಕೆ ಕಾಣಿಸಿಕೊಳ್ಳುತ್ತದೆ? ಈ ಪ್ರಶ್ನೆ ನನ್ನನ್ನು ಮತ್ತೆ 1971ಕ್ಕೆ ಕರೆದೊಯ್ದಿತು. ನವೆಂಬರ್ 18ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ ಒಂದು ವಾದ ಮಂಡಿಸಿದರು: ಗಡ್ಡೆ ಬೆಳೆಯಬೇಕಾದರೆ ತನ್ನ ಕಡೆಗೆ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳಲೇಬೇಕು. ಆ ನಾಳಗಳು ಅವಸರದಲ್ಲಿ ಕಟ್ಟಿದ ಕಾಲುವೆಗಳಿದ್ದಂತೆ, ವಕ್ರ, ಸೋರುವಂಥವು. ರಕ್ತದ ಜೊತೆ ಬಂದ ಅಯೋಡಿನ್ ಅಲ್ಲಿ ತುಂಬುತ್ತದೆ, ಸೋರಿ ನಿಲ್ಲುತ್ತದೆ. ಬರೀ ನೀರು ತುಂಬಿದ ಗುಳ್ಳೆಯಾಗಿದ್ದರೆ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಿತ್ತು. 38 ಏರಿ 94 ಆಯಿತೆಂದರೆ ಒಳಗೆ ರಕ್ತ ಹರಿಯುತ್ತಿದೆ, ಜೀವ ಇರುವ ಗಂಟು ಅದು ಎಂದರ್ಥ. ದೊಡ್ಡವ್ವನನ್ನು ಆಪರೇಷನ್‌ಗೆ ಕಳಿಸಿದ್ದು ಆ ಏರಿಕೆ.

ಮೂರನೆಯ ದಾರಿ ಲೆಕ್ಕದ್ದು, ಅಲ್ಲೇ ನಾನು ಹೆಚ್ಚು ಹೊತ್ತು ನಿಂತೆ. ಸಿಟಿ ಚಿತ್ರ ಫೋಟೋ ಅಲ್ಲ. ಯಂತ್ರಕ್ಕೆ ಸಿಗುವುದು ಸುತ್ತಲಿನ ಕೋನಗಳಿಂದ ಬಿದ್ದ ನೆರಳುಗಳು ಮಾತ್ರ. ನೆರಳುಗಳಿಂದ ಒಳಗಿನ ಹೋಳನ್ನು ಕಟ್ಟುವುದು ಗಣಿತ. ಆ ಗಣಿತದ ಪಠ್ಯವೊಂದರಲ್ಲಿ ‘ರಾಮ್-ಲ್ಯಾಕ್ ಫಿಲ್ಟರ್’ ಎಂಬ ಹೆಸರು ಕಂಡಿತು. ಯಾವ ದೇಶದ ಹೆಸರಿದು ಎಂದು ಮೂಲ ಪ್ರಬಂಧ ತೆರೆದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ, ಸೆಪ್ಟೆಂಬರ್ 1971, ಪುಟ 2236ರಿಂದ 2240. ಲೇಖಕರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ವಿಳಾಸದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ರಾತ್ರಿ ಹನ್ನೊಂದು ಗಂಟೆ. ಆ ವಿಳಾಸವನ್ನು ಗಟ್ಟಿಯಾಗಿ ಓದಿದೆ, ಮನೆಯವರಿಗೆ ಕೇಳಿಸುವ ಹಾಗೆ.

ರಾಮಚಂದ್ರನ್ ಎರ್ನಾಕುಲಂನವರು. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬೆಂಗಳೂರಿಗೆ ಬಂದು, ಸಿ.ವಿ. ರಾಮನ್ ಅವರ ಕೈಕೆಳಗೆ ಭೌತಶಾಸ್ತ್ರಕ್ಕೆ ಹೊರಳಿದವರು. ವಜ್ರಗಳ ಮೇಲೆ ಎಕ್ಸ್-ರೇ ಹಾಯಿಸಿ ಒಳಗಿನ ದೋಷ ಹುಡುಕಿದವರು. ಮುಂದೆ ಮದ್ರಾಸಿನಲ್ಲಿ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ರಚನೆ ಕಂಡುಹಿಡಿದರು. ಪ್ರೋಟೀನುಗಳ ‘ರಾಮಚಂದ್ರನ್ ನಕ್ಷೆ’ 1963ರದ್ದು. 1971ರಲ್ಲಿ ಬೆಂಗಳೂರಿಗೆ ಮರಳಿ ಅಣುಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. ಅದೇ ವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಇನ್ನೊಂದು ಪ್ರಬಂಧ ಬಂತು. ಅದರ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ನೆರಳಿನಿಂದ ವಸ್ತುವಿನ ಮರುರಚನೆ’.

ಅವರ ಉಪಾಯವನ್ನು ನಾನು ಬ್ಯಾಡಗಿಯ ಲೆಕ್ಕದಲ್ಲಿ ಹೇಳುತ್ತೇನೆ. ನಾಲ್ಕು ಮೆಣಸಿನಕಾಯಿ ಚೀಲ, ಎರಡೆರಡು ಸಾಲಾಗಿ ಇಟ್ಟಿವೆ. ಒಂದೊಂದನ್ನೇ ತೂಗುವ ಹಾಗಿಲ್ಲ, ಜೋಡಿಯಾಗಿ ಮಾತ್ರ. ಅಡ್ಡ ಸಾಲುಗಳು 72 ಮತ್ತು 63 ಕಿಲೊ. ಉದ್ದ ಸಾಲುಗಳು 65 ಮತ್ತು 70. ಮೂಲೆಯಿಂದ ಮೂಲೆಗೆ 58 ಮತ್ತು 77. ಇವೇ ನೆರಳುಗಳು. ಮೊದಲ ಚೀಲ ಸೇರಿರುವ ಮೂರು ತೂಕ ಕೂಡಿಸಿ: 72, 65, 58, ಒಟ್ಟು 195. ಇದರಲ್ಲಿ ಪಕ್ಕದ ಚೀಲಗಳ ಭಾರವೂ ಬೆರೆತು ಕಲಸಿಹೋಗಿದೆ. ನಾಲ್ಕೂ ಚೀಲಗಳ ಮೊತ್ತ 135 ಕಳೆಯಿರಿ, 60 ಉಳಿಯಿತು. ಅರ್ಧ ಮಾಡಿ: 30 ಕಿಲೊ. ಇದೇ ರೀತಿ ಉಳಿದವು 42, 35, 28. ಒಂದು ಚೀಲವನ್ನೂ ಬಿಚ್ಚದೆ, ಬಿಡಿಯಾಗಿ ತೂಗದೆ ನಾಲ್ಕೂ ಸಿಕ್ಕವು.

ನೆರಳುಗಳನ್ನು ಬಂದ ದಿಕ್ಕಿಗೇ ಮರಳಿ ಹರಡಿ ಕೂಡಿಸಿದರೆ ಚಿತ್ರ ಮಸುಕಾಗುತ್ತದೆ. ಆ ಬೆರಕೆಯನ್ನು ಕಳೆಯಲೇಬೇಕು. ರಾಮಚಂದ್ರನ್, ಲಕ್ಷ್ಮೀನಾರಾಯಣನ್ ಕೊಟ್ಟದ್ದು ಆ ಕಳೆಯುವ ಸೂತ್ರ. ಪ್ರತಿ ನೆರಳನ್ನೂ ಹರಡುವ ಮೊದಲೇ ತಿದ್ದಿಬಿಡುವುದು. ಫೂರಿಯೆ ಎಂಬ ಗಣಿತ ವಿಧಾನದ ಎರಡು ಆಯಾಮದ ದೊಡ್ಡ ಲೆಕ್ಕದ ಬದಲು ಒಂದೊಂದೇ ಸಾಲಿನ ಸಣ್ಣ ಲೆಕ್ಕ ಸಾಕು. ಸುಮಾರು 30 ಪಟ್ಟು ವೇಗ ಎಂದು ಪ್ರಬಂಧ ಹೇಳುತ್ತದೆ. ಎಕ್ಸ್-ರೇ ಚಿತ್ರಣಕ್ಕೆ ಇದು ಒದಗಬಹುದು ಎಂದೂ ಅಲ್ಲೇ ಬರೆದಿದ್ದಾರೆ. ಹೌನ್ಸ್‌ಫೀಲ್ಡ್ ಯಂತ್ರದ ವಿಷಯ ವೈದ್ಯಲೋಕಕ್ಕೆ ತಿಳಿದದ್ದು 1972ರ ಏಪ್ರಿಲ್‌ನಲ್ಲಿ.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ‘ಸಿಟಿ ಸ್ಕ್ಯಾನ್ ಕಂಡುಹಿಡಿದವರು ನಮ್ಮವರೇ’ ಎಂಬ ಮಾತನ್ನು ನಾನು ಕೇಳಿದ್ದೇನೆ. ದಾಖಲೆಗಳು ಹಾಗೆ ಹೇಳುವುದಿಲ್ಲ. ಹೌನ್ಸ್‌ಫೀಲ್ಡ್ ಅವರ ಮೊದಲ ಯಂತ್ರ ಬೇರೆ ಬಗೆಯ ಲೆಕ್ಕದಿಂದ ಚಿತ್ರ ಕಟ್ಟಿತು. ಮೂಲ ಗಣಿತ 1917ರಲ್ಲಿ ಯೋಹಾನ್ ರಾಡಾನ್ ಬರೆದದ್ದು. ಇದೇ ಬಗೆಯ ತಿದ್ದುವ ಉಪಾಯವನ್ನು ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ರೇಡಿಯೊ ಖಗೋಳಶಾಸ್ತ್ರಕ್ಕಾಗಿ ಪ್ರಕಟಿಸಿದ್ದರು. ಬೆಂಗಳೂರಿನ ಪ್ರಬಂಧದ ಹಿರಿಮೆ ಬೇರೆ: ಆ ಸೂತ್ರವನ್ನು ಕಂಪ್ಯೂಟರಿಗೆ ಹೊಂದುವಷ್ಟು ಸರಳವಾಗಿ, ಎಕ್ಸ್-ರೇಯ ಹೆಸರು ಹಿಡಿದೇ ಜಗತ್ತಿನ ಮುಂದಿಟ್ಟದ್ದು. ಮುಂದೆ ದಶಕಗಳ ಕಾಲ ಸಿಟಿ ಯಂತ್ರಗಳು ನಡೆದದ್ದು ಈ ದಾರಿಯಲ್ಲೇ. ಲಕ್ಷ್ಮೀನಾರಾಯಣನ್ ಅಲ್ಲಿಗೇ ನಿಲ್ಲಲಿಲ್ಲ. ಬೀಸಣಿಗೆಯಂತೆ ಹರಡುವ ಕಿರಣಗಳಿಗೆ ಅದೇ ಲೆಕ್ಕವನ್ನು ಹೊಂದಿಸಿ 1975ರಲ್ಲಿ ಅಮೆರಿಕದ ಬಫಲೊದಲ್ಲಿ ವರದಿ ಬರೆದರು. ನಮ್ಮವರ ಕೊಡುಗೆ ಇದ್ದಷ್ಟೇ ಸಾಕಷ್ಟು ದೊಡ್ಡದು, ಅದಕ್ಕೆ ಸುಳ್ಳಿನ ಊರುಗೋಲು ಬೇಡ.

ಸೆಪ್ಟೆಂಬರಿನಲ್ಲಿ ಲೆಕ್ಕ, ಅಕ್ಟೋಬರಿನಲ್ಲಿ ಯಂತ್ರ, ನವೆಂಬರಿನಲ್ಲಿ ಗಡ್ಡೆಯ ರಕ್ತನಾಳದ ವಾದ. ಒಂದೇ ವರ್ಷದ ಮೂರು ತಿಂಗಳು, ಭೂಮಿಯ ಮೂರು ಮೂಲೆ. ಮೂರೂ ಬಂದು ಕೂಡಿದ್ದು ಬ್ಯಾಡಗಿಯ ಒಬ್ಬ ಕೂಲಿ ಹೆಂಗಸಿನ ಫಿಲ್ಮಿನ ಕೆಳಗಿನ ಸಾಲಿನಲ್ಲಿ.

ದೊಡ್ಡವ್ವನಿಗೆ ಉತ್ತರ ಹೇಳಿದೆ. "ನಮ್ಮ ಬ್ಯಾಡಗಿ ಕಾಯಿ ಇದ್ದಂಗ ದೊಡ್ಡವ್ವಾ. ಖಾರಕ್ಕಲ್ಲ, ಬಣ್ಣಕ್ಕ ಹಾಕೂದು. ಸಾರು ಕೆಂಪಾದಂಗ ಗಂಟು ಎದ್ದು ಕಾಣತದ."

ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ಆ ಮ್ಯಾಲೆ ಬಣ್ಣ ಎಲ್ಲಿ ಹೋಗತದ?" ಥೊರೊಟ್ರಾಸ್ಟ್‌ನ ಕಾಲದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು. ಮೂತ್ರದಲ್ಲಿ ಹೊರಹೋಗುತ್ತದೆ ಎಂದೆ. ಅದಕ್ಕೇ ಸ್ಕ್ಯಾನ್‌ಗೆ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ, ಮೂತ್ರಪಿಂಡ ಆ ಹೊರೆ ಹೊರಬಲ್ಲದೇ ಎಂದು ತಿಳಿಯಲು.

ಎರಡು ಫಿಲ್ಮುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ ಡಾಕ್ಟರು ಹೊಸ ಗಂಟು ಇಲ್ಲವೆಂದು ಖಾತ್ರಿ ಮಾಡಿದರು. ಹಳೆಯದು ಸಿಗದಿದ್ದರೆ ಆ ಖಾತ್ರಿ ಅಷ್ಟು ಸುಲಭವಿರಲಿಲ್ಲ.

ಹಾವೇರಿ ಜಿಲ್ಲೆಯಿಂದ ಹುಬ್ಬಳ್ಳಿಗೆ, ದಾವಣಗೆರೆಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತುವ ಎಲ್ಲ ಮನೆಯವರಿಗೆ ನನ್ನದೊಂದು ವಿನಂತಿ. ಬಣ್ಣದ ಸೂಜಿಗೆ ಅಂಜಿ ಸ್ಕ್ಯಾನ್ ಬಿಡಬೇಡಿ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ಆಸ್ತಮಾ, ಹಿಂದೆ ಸೂಜಿಯಿಂದ ಮೈಮೇಲೆ ಗಂಧೆ ಎದ್ದದ್ದು ಇದ್ದರೆ ಮೊದಲೇ ಹೇಳಿ. ಫಿಲ್ಮು, ರಿಪೋರ್ಟು, ಸಿಡಿ ಮೂರನ್ನೂ ದಿನಾಂಕ ಬರೆದು ಒಂದೇ ಚೀಲದಲ್ಲಿ ಇಡಿ. ಅರ್ಧ ಶತಮಾನದ ಹಿಂದಿನ ಐದು ಪುಟದ ಪ್ರಬಂಧ ಇವತ್ತು ಹುಡುಕಿದ ಕೂಡಲೇ ಸಿಗುತ್ತದೆ, ಯಾರೋ ಅದನ್ನು ಜೋಪಾನ ಮಾಡಿದ್ದರಿಂದ. ನಮ್ಮ ಮನೆಯವರ ಹೋದ ವರ್ಷದ ನೆರಳನ್ನು ಜೋಪಾನ ಮಾಡಬೇಕಾದವರು ನಾವೇ.